ಮಗಳಿಗೆ ಮೆಕ್ಯಾನಿಕಲ್, ಅಣ್ಣನ ಮಗನಿಗೆ ನರ್ಸಿಂಗ್: ಓದಿದವರು ಹೇಳಿ

ಕೇಳಿದವರು: ಮಂಡ್ಯದ ಒಬ್ಬ ತಾಯಿ

ಎಲ್ಲರಿಗೂ ನಮಸ್ಕಾರ. ಮಗಳ ಸಿಇಟಿ ರ‍್ಯಾಂಕ್ ಬಂದಿದೆ, ಇನ್ನೇನು ಆಪ್ಷನ್ ಎಂಟ್ರಿ ಶುರುವಾಗುತ್ತೆ. ಅವಳಿಗೆ ಮೆಕ್ಯಾನಿಕಲ್ಲೇ ಬೇಕಂತೆ. ಚಿಕ್ಕವಳಿದ್ದಾಗಿನಿಂದ ಹಾಗೇ. ಆಲೆಮನೆಗೆ ಕರೆದುಕೊಂಡು ಹೋದರೆ ಬೆಲ್ಲದ ಕಡೆ ತಿರುಗಿಯೂ ನೋಡುತ್ತಿರಲಿಲ್ಲ, ಗಾಣದ ಹಲ್ಲುಚಕ್ರದ ಮುಂದೆ ನಿಂತುಬಿಡುತ್ತಿದ್ದಳು. ನಮ್ಮಣ್ಣ "ಮೆಕ್ಯಾನಿಕಲ್‌ಗೆ ಹೆಣ್ಮಕ್ಕಳು ಯಾರು ಹೋಗ್ತಾರೆ, ಸುಮ್ನೆ ಕಂಪ್ಯೂಟರ್ ಸೈನ್ಸ್ ಹಾಕಿಸು" ಅಂತಾನೆ. ತಮಾಷೆ ಅಂದರೆ ಅವನ ಮಗನೇ ಬಿಎಸ್ಸಿ ನರ್ಸಿಂಗ್ ಮಾಡ್ತೀನಿ ಅಂತ ಹಟ ಹಿಡಿದಿದ್ದಾನೆ. ಆ ಮನೆಯಲ್ಲಿ ಈಗ ಅಪ್ಪ ಮಗನಿಗೆ ಮಾತಿಲ್ಲ.

ಕ್ಲಾಸಿನಲ್ಲಿ ತಮ್ಮ ಥರದವರು ಬೆರಳೆಣಿಕೆಯಷ್ಟೇ ಇದ್ದ ಕೋರ್ಸ್ ಓದಿದವರು ಇದ್ದರೆ, ಆದದ್ದನ್ನು ಆದ ಹಾಗೆ ಹೇಳಿ. ಧೈರ್ಯದ ಮಾತು ಬೇಡ, ಅದು ಬೇಕಾದಷ್ಟು ಸಿಕ್ಕಿದೆ.

ಮೈಸೂರು, ಮೆಕ್ಯಾನಿಕಲ್ ಓದಿದವಳು

ಅಕ್ಕಾ, ನಾನು ಓದು ಮುಗಿಸಿ ಹದಿನಾಲ್ಕು ವರ್ಷ ಆಯಿತು. ಅರವತ್ತು ಚಿಲ್ಲರೆ ಹುಡುಗರು, ನಾವು ಮೂವರು. ರೇಗಿಸುತ್ತಾರೆ, ಕಾಟ ಕೊಡುತ್ತಾರೆ ಅಂತ ಮನೆಯಲ್ಲಿ ಹೆದರಿದ್ದರು. ಅದೇನೂ ಆಗಲಿಲ್ಲ. ಆದದ್ದು ಬೇರೆ.

ಮೊದಲ ವರ್ಷ ವರ್ಕ್‌ಶಾಪ್‌ನಲ್ಲಿ ಫಿಟ್ಟಿಂಗ್ ಇತ್ತು. ಕಬ್ಬಿಣದ ತುಂಡನ್ನು ವೈಸ್‌ಗೆ ಕಚ್ಚಿಸಿ ಅರದಲ್ಲಿ ಉಜ್ಜಿ ಉಜ್ಜಿ ಮಟ್ಟ ಮಾಡಬೇಕು. ಆಮೇಲೆ ಹ್ಯಾಕ್ಸಾದಲ್ಲಿ ಕೊಯ್ದು, ಎರಡು ತುಂಡು ಒಂದರೊಳಗೊಂದು ಕೂರುವ ಹಾಗೆ ಮಾಡಬೇಕು. ಎತ್ತಿ ಹಿಡಿದರೆ ನಡುವೆ ಬೆಳಕು ಕಾಣಬಾರದು. ಎರಡನೇ ದಿನಕ್ಕೇ ನನ್ನ ಅಂಗೈಯಲ್ಲಿ ಬೊಬ್ಬೆ. ಮೇಷ್ಟ್ರು ನೋಡಿ ಪಕ್ಕದ ಹುಡುಗನಿಗೆ "ಏಯ್, ಆ ಹುಡುಗೀದು ಸ್ವಲ್ಪ ಉಜ್ಜಿಕೊಡೋ" ಅಂದರು. ಒಳ್ಳೆಯ ಮನುಷ್ಯ. ಹುಡುಗನೂ ಒಳ್ಳೆಯವನೇ. ಆ ಸೆಮಿಸ್ಟರ್ ಪೂರ್ತಿ ನನ್ನದನ್ನು ಅವನು ಉಜ್ಜಿದ, ಅವನ ರೆಕಾರ್ಡ್ ನಾನು ಬರೆದುಕೊಟ್ಟೆ. ಪರೀಕ್ಷೆ ದಿನ ಉಜ್ಜಿಕೊಡೋರು ಯಾರು? ನನ್ನ ಎರಡು ತುಂಡಿನ ನಡುವೆ ಬೆಳಕಿರಲಿ, ಕಿರುಬೆರಳೇ ತೂರುತ್ತಿತ್ತು. ಮುಂದೆ ಲೇತ್‌ಗೆ ಬಂದಾಗ ಯಾರು ಬಂದರೂ "ನಾನೇ ಮಾಡ್ತೀನಿ" ಅನ್ನುತ್ತಿದ್ದೆ. ಕೊಬ್ಬು ಅಂತ ಹೆಸರೂ ಬಂತು.

ಕೊನೆಯ ವರ್ಷ ಕ್ಯಾಂಪಸ್‌ಗೆ ಬಂದ ಒಂದು ಕಂಪನಿಯ ನೋಟಿಸ್‌ನಲ್ಲಿ "ಹುಡುಗರು ಮಾತ್ರ" ಅಂತಲೇ ಇತ್ತು. ಕೇಳಿದರೆ ನೈಟ್ ಶಿಫ್ಟ್ ಅಂದರು. 1948ರ ಕಾರ್ಖಾನೆ ಕಾಯ್ದೆಯ 66ನೇ ಸೆಕ್ಷನ್‌ನಲ್ಲಿ ಹೆಂಗಸರಿಗೆ ಬೆಳಿಗ್ಗೆ 6ರಿಂದ ಸಂಜೆ 7ರವರೆಗೆ ಮಾತ್ರ ಕೆಲಸ ಅಂತಿತ್ತು. ಮೂರು ಶಿಫ್ಟ್ ನಡೆಸುವವರಿಗೆ ಒಳ್ಳೇ ನೆಪ. 2019ರಲ್ಲಿ ನಮ್ಮ ರಾಜ್ಯ ಸರ್ಕಾರ ರಾತ್ರಿ ಪಾಳಿಗೂ ಒಪ್ಪಿಗೆ ಕೊಟ್ಟಿತು. ಕೆಲಸದವಳು ಒಪ್ಪಿ ಬರೆದುಕೊಡಬೇಕು, ಕಂಪನಿ ಗಾಡಿ ಕೊಡಬೇಕು, ಹೀಗೆ ಷರತ್ತುಗಳಿವೆ. ನಾನು ಡಿಸೈನ್‌ನಲ್ಲಿ ಶುರು ಮಾಡಿ ಈಗ ಹೆಬ್ಬಾಳದ ಕಡೆ ಒಂದು ಫ್ಯಾಕ್ಟರಿಯಲ್ಲಿ ಕ್ವಾಲಿಟಿ ನೋಡುತ್ತೇನೆ.

ಇನ್ನೊಂದು. ಕಾಲೇಜು ನೋಡಲು ಹೋದಾಗ ವರ್ಕ್‌ಶಾಪ್‌ನಿಂದ ಲೇಡೀಸ್ ಟಾಯ್ಲೆಟ್ ಎಷ್ಟು ದೂರ ಅಂತ ನೋಡಿ. ನಗಬೇಡಿ. ಲ್ಯಾಬ್ ಇದ್ದ ದಿನ ನಾನು ನೀರು ಕುಡಿಯುತ್ತಿರಲಿಲ್ಲ.

ನಾಗಮಂಗಲದ ಕಡೆಯವನು, ನರ್ಸಿಂಗ್

ಇದು ನಿಮ್ಮ ಅಣ್ಣನ ಮಗನಿಗೆ. ನಾನೀಗ ಮೈಸೂರಿನ ಒಂದು ಆಸ್ಪತ್ರೆಯ ಐಸಿಯುನಲ್ಲಿದ್ದೇನೆ. ಇಲ್ಲಿ ನಮ್ಮನ್ನು "ಬ್ರದರ್" ಅನ್ನುತ್ತಾರೆ. ಊರಲ್ಲಿ ಮಗ ಏನು ಮಾಡ್ತಾನೆ ಅಂತ ಕೇಳಿದವರಿಗೆ ನಮ್ಮಪ್ಪ "ಆಸ್ಪತ್ರೇಲವ್ನೆ" ಅಂದು ಅಲ್ಲಿಗೇ ನಿಲ್ಲಿಸುತ್ತಾರೆ. ಕೇಳಿದವರು ಡಾಕ್ಟ್ರು ಅಂದುಕೊಂಡರೆ ತಿದ್ದುವುದಿಲ್ಲ.

ಕ್ಲಾಸಲ್ಲಿ ನಾವು ಆರು ಜನ ಹುಡುಗರು. ಸಿಲಿಂಡರ್ ತರಬೇಕಾ, ದಪ್ಪ ರೋಗಿಯನ್ನು ಸ್ಟ್ರೆಚರ್‌ಗೆ ಎತ್ತಬೇಕಾ, "ಬ್ರದರ್ ಬನ್ನಿ". ಉಳಿದವರು ಡ್ರಿಪ್ ಹಾಕೋದು ಕಲಿಯುವಾಗ ನಾವು ಸಿಲಿಂಡರ್ ಹಿಡಿದುಕೊಂಡು ಲಿಫ್ಟ್ ಕಾಯುತ್ತಿದ್ದೆವು. ನರ ಹುಡುಕುವುದನ್ನು ನಾನು ಸರಿಯಾಗಿ ಕಲಿತದ್ದು ಕೆಲಸಕ್ಕೆ ಸೇರಿದ ಮೇಲೆ.

ಹೆರಿಗೆ ವಾರ್ಡಿನ ಪೋಸ್ಟಿಂಗ್ ಹುಡುಗರಿಗೂ ಇರುತ್ತೆ. ಮೊದಲ ದಿನ ಒಬ್ಬ ಅಜ್ಜಿ "ಯಾರಪ್ಪ ನೀನು, ಆಚೆ ನಡಿ" ಅಂದರು. ಅವರದೇನೂ ತಪ್ಪಿಲ್ಲ. ವಾರ್ಡ್ ಸಿಸ್ಟರ್ ಬಂದು "ಕಲಿಯೋ ಹುಡುಗ ಕಣಮ್ಮ" ಅಂದು, ಆ ಬಸುರಿಯನ್ನೇ ಕೇಳಿದರು. ಆಕೆ ಹೂಂ ಅಂದ ಮೇಲೆ ನಿಲ್ಲಿಸಿಕೊಂಡರು. ಎಲ್ಲ ಸಿಸ್ಟರ್‌ಗಳೂ ಹಾಗೆ ಕೇಳಲ್ಲ.

ಕೆಲಸದ ಲೆಕ್ಕವನ್ನೂ ಈಗಲೇ ತಿಳಿದಿರಲಿ. ಕೇಂದ್ರ ಸರ್ಕಾರದ ಏಮ್ಸ್ ಆಸ್ಪತ್ರೆಗಳ ನರ್ಸಿಂಗ್ ಆಫೀಸರ್ ಹುದ್ದೆಗಳಲ್ಲಿ 100ಕ್ಕೆ 80 ಮಹಿಳೆಯರಿಗೆ ಅಂತ ಮಾಡಿದ್ದಾರೆ. ಉಳಿದ 20ಕ್ಕೆ ನಾವೆಲ್ಲ ಕಿತ್ತಾಡಬೇಕು. ಖಾಸಗಿಯಲ್ಲಿ ಐಸಿಯು, ಡಯಾಲಿಸಿಸ್, ಎಮರ್ಜೆನ್ಸಿಗೆ ಹುಡುಗರನ್ನು ಕರೆದು ಕೆಲಸ ಕೊಡುತ್ತಾರೆ. ಹೆಣ್ಣು ನೋಡುವ ಕತೆ ಇನ್ನೊಂದು ದಿನ ಹೇಳ್ತೀನಿ.

ಮೈಸೂರು, ಬಿಎಸ್ಸಿ ಪಾಠ ಮಾಡುವವಳು

ಅರದ ಕತೆ ಓದಿ ನೆನಪಾಯಿತು. ನಾನು ಮಹಾರಾಣಿ ಕಾಲೇಜಿನಲ್ಲಿ ಓದಿದವಳು. ನಮ್ಮ ಫಿಸಿಕ್ಸ್ ಲ್ಯಾಬ್‌ನಲ್ಲಿ ಹುಡುಗರೇ ಇಲ್ಲ. ವೈರ್ ಜೋಡಿಸಲಿ, ಫ್ಯೂಸ್ ಹೋಗಲಿ, ಎಲ್ಲಕ್ಕೂ ನಾವೇ. ಎಂಎಸ್ಸಿಗೆ ಮಾನಸಗಂಗೋತ್ರಿಗೆ ಬಂದ ಮೊದಲ ವಾರವೇ ಒಬ್ಬ ಹುಡುಗ "ಕೊಡಿ ಇಲ್ಲಿ" ಅಂತ ನನ್ನ ಕೈಯಿಂದ ಮಲ್ಟಿಮೀಟರ್ ತೆಗೆದುಕೊಂಡ. ನಾನು ವಾಪಸ್ ಕಿತ್ತುಕೊಂಡೆ. ಜಗಳಕ್ಕಲ್ಲ, ಅಭ್ಯಾಸಬಲ.

ಹೆಣ್ಣುಮಕ್ಕಳು ವಿಜ್ಞಾನಕ್ಕೆ ಬರಲ್ಲ ಅನ್ನೋದು ಹಳೇ ಮಾತು. 2021-22ರ ಕೇಂದ್ರ ಸರ್ಕಾರದ ಉನ್ನತ ಶಿಕ್ಷಣ ಸಮೀಕ್ಷೆ ತೆಗೆದರೆ, ವಿಜ್ಞಾನ ಓದುತ್ತಿದ್ದ 57.2 ಲಕ್ಷ ಜನರಲ್ಲಿ 29.8 ಲಕ್ಷ ಹೆಣ್ಣುಮಕ್ಕಳೇ. ಎಂಜಿನಿಯರಿಂಗ್‌ಗೆ ಬಂದ ಕೂಡಲೇ ತಕ್ಕಡಿ ಹುಡುಗರ ಕಡೆ ವಾಲುತ್ತೆ. ಐಐಟಿಗಳು 2018ರಿಂದ ಹುಡುಗಿಯರಿಗೆ ಹೆಚ್ಚುವರಿ ಸೀಟು ಇಡಬೇಕಾಗಿ ಬಂದಿದ್ದು ಇದಕ್ಕೇ. ಮನೆಗಳಲ್ಲಿ ಹಾಕುವ ಲೆಕ್ಕ ನಿಮಗೆ ಗೊತ್ತೇ ಇದೆ: ಮಗನಿಗೆ ಸಾಲ ಮಾಡಿ ಎಂಜಿನಿಯರಿಂಗ್, ಮಗಳಿಗೆ ಹತ್ತಿರದಲ್ಲೇ ಬಿಎಸ್ಸಿ, ಆಮೇಲೆ ಬಿ.ಎಡ್.

2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ಪಾಂಡವಪುರ, ಮದ್ದೂರಿನ ಕಡೆಯ ಹುಡುಗಿಯರಿಗೆ ಬಸ್ ಚಾರ್ಜಿನ ಚಿಂತೆ ಹೋಯಿತು. ಆದರೆ ಊರಿನ ಕೊನೇ ಬಸ್ಸಿನ ಟೈಮ್ ಬದಲಾಗಲಿಲ್ಲವಲ್ಲ. ಕೆಮಿಸ್ಟ್ರಿ ಅಂದರೆ ಪ್ರಾಣ ಬಿಡುವ ಹುಡುಗಿಯೊಬ್ಬಳು ನನ್ನ ಕ್ಲಾಸಿನಲ್ಲಿದ್ದಾಳೆ. ಪ್ರಾಕ್ಟಿಕಲ್ ಮುಗಿಯುವುದು ನಾಲ್ಕೂವರೆಗೆ, ಬಸ್ಸೂ ಹೆಚ್ಚುಕಮ್ಮಿ ಅದೇ ಹೊತ್ತಿಗೆ. ಅವಳು ಗಣಿತ ತೆಗೆದುಕೊಂಡಳು.

ನಿಮ್ಮಣ್ಣನಿಗೆ ಇದನ್ನೂ ಹೇಳಿ: ಕರ್ನಾಟಕದ ಮೊದಲ ಮಹಿಳಾ ಎಂಜಿನಿಯರ್ ಅಂತ ಹೆಸರಾದ ರಾಜೇಶ್ವರಿ ಚಟರ್ಜಿ ನಮ್ಮ ಹಳೇ ಮೈಸೂರು ಸೀಮೆಯವರೇ. ಗಣಿತ ಎಂಎಸ್ಸಿ ಮಾಡಿಕೊಂಡು 1940ರ ದಶಕದಲ್ಲೇ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ ಸೇರಿದವರು.

ಮಂಡ್ಯ, ಬ್ರಾಂಚ್ ಬದಲಿಸಿಕೊಂಡವಳು

ಎಲ್ಲರೂ ಹಾಕಿಸಿ ಹಾಕಿಸಿ ಅನ್ನೋ ಥರ ಕಾಣ್ತಿದೆ. ನಾನು ಉಲ್ಟಾ ಹೇಳ್ತೀನಿ. ಸಿವಿಲ್ ಸೇರಿದ್ದೆ, ನಮ್ಮ ಸೆಕ್ಷನ್‌ನಲ್ಲಿ ನಾನೊಬ್ಬಳೇ. ಯಾರೂ ಕೆಟ್ಟವರಲ್ಲ. ಆದರೆ ಇಂಟರ್ನಲ್ಸ್ ಹಿಂದಿನ ರಾತ್ರಿ ಹುಡುಗರ ರೂಮಲ್ಲಿ ಹತ್ತು ಜನ ಕೂತು ಹಳೇ ಪ್ರಶ್ನೆಪತ್ರಿಕೆ ಬಿಡಿಸೋರು. ನನ್ನ ಹಾಸ್ಟೆಲ್ ಗೇಟು ಸಂಜೆ ಏಳಕ್ಕೆ ಬಂದ್. ಬೆಳಿಗ್ಗೆ ಅವರೆಲ್ಲರಿಗೂ ಗೊತ್ತಿದ್ದದ್ದು ನನಗೆ ಮಾತ್ರ ಗೊತ್ತಿರುತ್ತಿರಲಿಲ್ಲ. ಕೇಳೋಣ ಅಂದರೆ ಮೇಲಿನ ವರ್ಷದಲ್ಲೂ ಹುಡುಗಿಯರಿಲ್ಲ. ಒಂದು ವರ್ಷ ನೋಡಿ ಕಂಪ್ಯೂಟರ್ ಸೈನ್ಸ್‌ಗೆ ಹೋದೆ, ಅಲ್ಲಿ ನಾವು ಅರ್ಧಕ್ಕರ್ಧ. ಬೇಜಾರೇನೂ ಇಲ್ಲ. ಸೀನಿಯರ್ ಹುಡುಗಿಯರು ಇಬ್ಬರಾದರೂ ಇದ್ದರೆ ಹಾಕಿಸಿ. ಇಲ್ಲದಿದ್ದರೆ ಯೋಚನೆ ಮಾಡಿ.

ಮಂಡ್ಯದ ವಿ.ಸಿ. ಫಾರಂ ಕೃಷಿ ಕಾಲೇಜಿನಲ್ಲಿ ಬಿಎಸ್ಸಿ ಅಗ್ರಿ ಓದಿದವನು

ನಮ್ಮಲ್ಲಿ ಹುಡುಗಿಯರು ಬೇಕಾದಷ್ಟು ಇದ್ದರು. ಭತ್ತದ ನಾಟಿ ಪ್ರಾಕ್ಟಿಕಲ್ ದಿನ ನಮ್ಮ ಸಾಲು ಹಾವು ಹರಿದ ಹಾಗೆ, ಅವರದು ಹಗ್ಗ ಹಿಡಿದ ಹಾಗೆ. ಟ್ರ್ಯಾಕ್ಟರ್ ದಿನ ಮಾತ್ರ ನಾವೇ ಮೊದಲು ಹತ್ತಿದೆವು. ಅವರ ಸರದಿ ಬರುವಷ್ಟರಲ್ಲಿ ಕತ್ತಲಾಗಿತ್ತು. ಈಗ ನೆನೆದರೆ ನಾಚಿಕೆ ಆಗುತ್ತೆ.

ಕೇಳಿದವರು, ಒಂದು ವಾರದ ಮೇಲೆ

ಎಲ್ಲರಿಗೂ ಥ್ಯಾಂಕ್ಸ್. ಶನಿವಾರ ಮಗಳ ಜೊತೆ ಎರಡು ಕಾಲೇಜು ನೋಡಿ ಬಂದೆ. ಮೊದಲನೆಯದರಲ್ಲಿ ವರ್ಕ್‌ಶಾಪ್ ಹತ್ತಿರ ಲೇಡೀಸ್ ಟಾಯ್ಲೆಟ್ ಎಲ್ಲಿ ಅಂದಿದ್ದಕ್ಕೆ ಅಟೆಂಡರ್ ತಲೆ ಕೆರೆದುಕೊಂಡರು. ಕೊನೆಗೆ ಎರಡು ಕಟ್ಟಡ ದಾಟಿಸಿ ಕರೆದುಕೊಂಡು ಹೋದರು. ಮಗಳು ಮೊಬೈಲ್‌ನಲ್ಲಿ ಟೈಮ್ ನೋಡಿದಳು, ಹೋಗಿ ಬರಲು ಹನ್ನೊಂದು ನಿಮಿಷ. ಎರಡನೆಯದರಲ್ಲಿ ಪಕ್ಕದಲ್ಲೇ ಇತ್ತು, ಆದರೆ ಬೀಗ. ಬೀಗದಕೈ ಯಾರ ಹತ್ತಿರ ಇರುತ್ತೆ ಅಂತ ಹೇಳಿದ್ದು ಅಲ್ಲೇ ಸಿಕ್ಕ ಮೂರನೇ ವರ್ಷದ ಮೆಕ್ಯಾನಿಕಲ್ ಹುಡುಗಿ. ನನ್ನನ್ನು ಕ್ಯಾಂಟೀನಿಗೆ ಕಳಿಸಿ ಇಬ್ಬರೂ ಅರ್ಧ ಗಂಟೆ ಮಾತಾಡಿದರು. ಏನು ಮಾತಾಡಿದಿರಿ ಅಂದರೆ ಹೇಳಲಿಲ್ಲ.

ಆ ಕಾಲೇಜಿನ ಮೆಕ್ಯಾನಿಕಲ್ ಮೊದಲನೇ ಆಪ್ಷನ್ ಹಾಕಿದ್ದೇವೆ. ಕಂಪ್ಯೂಟರ್ ಸೈನ್ಸ್ ನಾಲ್ಕನೆಯದು. ಅಣ್ಣನಿಗೆ ಇನ್ನೂ ಹೇಳಿಲ್ಲ.

ಅವನ ಮಗನಿಗೆ ಬ್ರದರ್ ಬರೆದದ್ದನ್ನು ತೋರಿಸಿದೆ. ಹೆರಿಗೆ ವಾರ್ಡಿನದನ್ನು ಓದಿ ಸ್ವಲ್ಪ ಹೊತ್ತು ಸುಮ್ಮನಿದ್ದ. ಆಮೇಲೆ "ಅತ್ತೆ, ಆ ಸಿಲಿಂಡರ್ ಎಷ್ಟು ತೂಕ ಇರುತ್ತೆ?" ಅಂದ.