ಪ್ಲೇ ಒತ್ತಿದ ಕೂಡಲೇ ಫೇಡರ್ (ದನಿ ಏರಿಳಿಸುವ ಜಾರುಗುಂಡಿ) ತಾನಾಗೇ ಜಿಗಿಯುತ್ತೆ, ಯಾರಾದ್ರೂ ಹೇಳಿ

ಉಣಕಲ್_ಏಕತಾರಿ:
ತತ್ವಪದದ ರೆಕಾರ್ಡಿಂಗ್. ಹಾಡಿದ್ದು ನಮ್ಮ ಕಾಕಾ. ಕೆಳಗಿನ ಸ್ವರದಲ್ಲಿ ಗುನುಗುತ್ತಾರೆ, ಪಲ್ಲವಿಗೆ ಬಂದರೆ ಇಡೀ ಓಣಿಗೆ ಕೇಳಿಸುತ್ತಾರೆ. ಅದಕ್ಕೇ ಕಂಪ್ಯೂಟರಿನಲ್ಲಿ, ಎಲ್ಲಿ ಎಷ್ಟು ದನಿ ಬೇಕೆಂದು ತೋರಿಸುವ ವಾಲ್ಯೂಮ್ ಗೆರೆ ಎಳೆದು ಸಾಲು ಸಾಲೂ ಸರಿ ಮಾಡಿದೆ. ಈಗ ಒಟ್ಟಾರೆ ದನಿ ಸ್ವಲ್ಪ ಜಾಸ್ತಿ. ಫೇಡರ್ ಇಳಿಸಿ ಪ್ಲೇ ಒತ್ತಿದರೆ ಮತ್ತೆ ಹಳೇ ಜಾಗಕ್ಕೇ ಹೋಗುತ್ತದೆ. ತಲೆ ಕೆಟ್ಟುಹೋಗಿದೆ.

ಬೆಟಗೇರಿ_ಬೀಟ್ಸ್:
ಕಂಪ್ರೆಸರ್ (ಜೋರು ದನಿಗೂ ಮೆಲು ದನಿಗೂ ಇರುವ ಅಂತರ ಕಮ್ಮಿ ಮಾಡುವ ಎಫೆಕ್ಟ್) ಹಾಕಿರಬೇಕು. ನೀವು ಇಳಿಸಿದ್ದನ್ನು ಅದು ಎತ್ತುತ್ತಿದೆ. ರೇಷಿಯೋ, ಅಂದರೆ ಅದು ಒತ್ತುವ ಪ್ರಮಾಣ, 3:1ಕ್ಕೆ ತನ್ನಿ.

ಸಪ್ತಾಪುರ_ಷಡ್ಜ:
ಯಾವ ಸಾಫ್ಟ್‌ವೇರ್ ಅಂತ ಹೇಳೇ ಇಲ್ಲವಲ್ರೀ.

ಉಣಕಲ್_ಏಕತಾರಿ:
ರೀಪರ್, ಮತ್ತೇನು? ಕಂಪ್ರೆಸರ್ ತೆಗೆದೂ ನೋಡಿದೆ. ಅದೇ ಕಥೆ.

ಬೆಟಗೇರಿ_ಬೀಟ್ಸ್:
ಹಾಗಾದರೆ ಎಲ್ಲಾ ಟ್ರ್ಯಾಕ್ ಕೂಡುವ ಮಾಸ್ಟರ್‌ನಲ್ಲಿ, ದನಿ ಮಿತಿ ಮೀರದಂತೆ ತಡೆಯುವ ಲಿಮಿಟರ್ ಇದೆ, ನೋಡಿ.

ಸಪ್ತಾಪುರ_ಷಡ್ಜ:
ಅಣ್ಣಾ, ಕಂಪ್ರೆಸರ್ ಆಗಲಿ ಲಿಮಿಟರ್ ಆಗಲಿ ದನಿ ಬದಲಿಸುತ್ತವೆ, ಫೇಡರ್ ಎಳೆಯುವುದಿಲ್ಲ. ಏಕತಾರಿಯವರೇ, ಟ್ರ್ಯಾಕ್‌ನ ಆಟೊಮೇಷನ್ ಮೋಡ್ (ಗೆರೆಗೂ ಫೇಡರ್‌ಗೂ ಏನು ಸಂಬಂಧ ಅಂತ ಹೇಳುವ ಸೆಟ್ಟಿಂಗ್) ನೋಡಿ. ರೀಡ್ ಇದ್ದರೆ ಫೇಡರ್ ಗೆರೆಯ ಹಿಂದೆಯೇ ಹೋಗುತ್ತದೆ, ನೀವು ಇಳಿಸಿದ್ದು ನಿಲ್ಲುವುದಿಲ್ಲ. ಟ್ರಿಮ್/ರೀಡ್‌ಗೆ ಬದಲಿಸಿ. ಆಗ ಗೆರೆ ತನ್ನ ಪಾಡಿಗೆ ಏರಿಳಿಯುತ್ತದೆ, ಅದರ ಮೇಲೆ ಒಟ್ಟು ಮಟ್ಟ ಹೆಚ್ಚು ಕಡಿಮೆ ಮಾಡಲು ಫೇಡರ್ ನಿಮ್ಮ ಕೈಗೆ ಸಿಗುತ್ತದೆ. ರೈಟ್ (ಬರೆಯುವ) ಮೋಡ್ ಮಾತ್ರ ಮುಟ್ಟಬೇಡಿ. ಪ್ಲೇ ಆದಷ್ಟು ಉದ್ದಕ್ಕೂ ಹಳೇ ಗೆರೆ ಅಳಿಸಿ, ಫೇಡರ್ ಇದ್ದ ಮಟ್ಟವನ್ನೇ ಬರೆದುಬಿಡುತ್ತದೆ.

ಹಾವೇರಿ_ಹಾರ್ಮೋನಿಯಂ:
ಇಷ್ಟೆಲ್ಲಾ ಯಾಕೆ? ಪಲ್ಲವಿಗೆ ಮೈಕಿನಿಂದ ಸ್ವಲ್ಪ ಹಿಂದೆ ಸರಿಯಲು ಹೇಳಿ, ಮುಗೀತು. ಮಲ್ಲಿಕಾರ್ಜುನ ಮನ್ಸೂರರ ಕಾಲದಲ್ಲಿ ಯಾರು ಗೆರೆ ಎಳೀತಿದ್ರು?

ಸಪ್ತಾಪುರ_ಷಡ್ಜ:
ಆಗ ಇಂಜಿನಿಯರ್ ಕೈಯಲ್ಲೇ ಏರಿಸಿ ಇಳಿಸುತ್ತಿದ್ದರು. ಕೆಲಸ ಅದೇ ಅಲ್ವಾ?

ಉಣಕಲ್_ಏಕತಾರಿ:
ರೀಡ್‌ನಲ್ಲೇ ಇತ್ತು. ಬದಲಿಸಿದೆ, ಫೇಡರ್ ನಿಂತಿತು. ಆದರೆ ಕೆಳಗಿನ ಸಾಲು ಎತ್ತಿದ ಕಡೆಯೆಲ್ಲಾ ಹಾರ್ಮೋನಿಯಂ ಕೂಡ ಎದ್ದು ಬರುತ್ತಿದೆ.

ಸಪ್ತಾಪುರ_ಷಡ್ಜ:
ಒಂದೇ ಕೋಣೆಯಲ್ಲಿ ಕೂತಿದ್ರಾ? ದನಿಯ ಮೈಕಿಗೆ ಹಾರ್ಮೋನಿಯಂ ಸೋರಿದೆ. ಆ ಸಾಲುಗಳಲ್ಲಿ ಹಾರ್ಮೋನಿಯಂ ಟ್ರ್ಯಾಕ್ 2 ಡಿಬಿ (ಡೆಸಿಬಲ್) ಇಳಿಸಿ, ದನಿ 3 ಡಿಬಿಗಿಂತ ಜಾಸ್ತಿ ಎತ್ತಬೇಡಿ. ಗೆರೆಯನ್ನು ಥಟ್ಟನೆ ಏರಿಸದೆ, ಉಸಿರು ತಗೊಳ್ಳುವ ಜಾಗದಿಂದ ನಿಧಾನಕ್ಕೆ ಏರಿಸಿ.

ಬೆಟಗೇರಿ_ಬೀಟ್ಸ್:
ಕೌದಿ ತೂಗುಹಾಕಿದರೆ ಸೋರುವ ಮಾತೇ ಇಲ್ಲ. ನನ್ನ ಕೋಣೆಯ ನಾಲ್ಕು ಗೋಡೆಗೂ ಅಜ್ಜಿ ಹೊಲಿದ ಕೌದಿ. ಮೊನ್ನೆ ಮೈಕುಗಳನ್ನು ಕಂಪ್ಯೂಟರಿಗೆ ಜೋಡಿಸುವ 8 ಇನ್‌ಪುಟ್ ಇಂಟರ್‌ಫೇಸ್ ಬೇರೆ ತಗೊಂಡೆ. ಫೋಟೋ ಹಾಕ್ತೀನಿ.

ಹಾವೇರಿ_ಹಾರ್ಮೋನಿಯಂ:
ಕೌದಿ ಎತ್ತರದ ಸ್ವರಗಳನ್ನಷ್ಟೇ ಹೀರುತ್ತದೆ. ತಬಲಾದ ಎಡಗೈ ಡಗ್ಗಾದ ಗುಂಯ್ ಅನ್ನೋದು ಹಾಗೇ ಉಳಿಯುತ್ತೆ. ಗೋಡೆಗೆ ಅಂಟಿಸಿದ್ದೀರೋ, ಒಂದು ಗೇಣು ಬಿಟ್ಟಿದ್ದೀರೋ?

ಬೆಟಗೇರಿ_ಬೀಟ್ಸ್:
ಡಗ್ಗಾ ವಿಷಯ ಇಲ್ಲಿ ಯಾರು ಕೇಳಿದ್ರು?

ಉಣಕಲ್_ಏಕತಾರಿ:
ಹಾರ್ಮೋನಿಯಂಗೆ ಬೇರೆ ಟ್ರ್ಯಾಕ್ ಎಲ್ಲಿದೆ? ಎರಡಕ್ಕೂ ಒಂದೇ ಮೈಕ್.

ಸಪ್ತಾಪುರ_ಷಡ್ಜ:
ಅಯ್ಯೋ ಮಾರಾಯ್ರೇ, ಇದನ್ನು ಮೊದಲೇ ಹೇಳಬಾರದಾ! ಹಾಗಿದ್ದರೆ ಗೆರೆ ಹೇಗೆ ಎಳೆದರೂ ಎರಡೂ ಒಟ್ಟಿಗೇ ಏರುತ್ತವೆ. ಕೆಳಗಿನ ಸಾಲುಗಳನ್ನಷ್ಟೇ ಮತ್ತೆ ಹಾಡಿಸಿ, ಮೈಕ್ ಕಾಕಾ ಬಾಯಿಯ ಹತ್ತಿರ, ಹಾರ್ಮೋನಿಯಂ ಪೆಟ್ಟಿಗೆ ದೂರ.

ಉಣಕಲ್_ಏಕತಾರಿ:
ಕಾಕಾ ಊರಿಗೆ ಹೋದರು. ಸುಗ್ಗಿ ಮುಗಿಯುವ ತನಕ ಬರೋದಿಲ್ಲ.

ಹಾವೇರಿ_ಹಾರ್ಮೋನಿಯಂ:
ಬೀಟ್ಸ್ ಅವರೇ, ಫೋಟೋ ನೋಡಿದೆ. ಗೇಣು ಬಿಟ್ಟಿಲ್ಲ.