ಪದಚರ್ಚೆ: ಗೇಮ್ ಟ್ರ್ಯಾಕನ್ನು ‘ಪ್ಯಾಕೇಜ್’ ಮಾಡುವುದಕ್ಕೆ ಏನನ್ನೋಣ? (ನಾಳೆ ಸಂಜೆಯೊಳಗೆ ಬೇಕು)

ಚಿಕ್ಕಬಳ್ಳಾಪುರದಿಂದ:

ಎಲ್ಲರಿಗೂ ನಮಸ್ಕಾರ. ಅರ್ಜೆಂಟಾಗಿ ಒಂದು ಪದ ಬೇಕು. ಭಾನುವಾರ ನಮ್ಮ ಬೀದಿಯ ಹೈಸ್ಕೂಲ್ ಮಕ್ಕಳಿಗೆ ಸೂಪರ್‌ಟಕ್ಸ್‌ಕಾರ್ಟ್ ಅನ್ನೋ ಕಾರ್ ರೇಸ್ ಆಟಕ್ಕೆ ಟ್ರ್ಯಾಕ್ ಮಾಡುವುದು ಹೇಳಿಕೊಡುತ್ತಿದ್ದೇನೆ. ಬ್ಲೆಂಡರ್ ಅನ್ನೋ 3ಡಿ ಮಾಡೆಲ್ ಮಾಡುವ ಸಾಫ್ಟ್‌ವೇರಿನಲ್ಲಿ ನಂದಿಬೆಟ್ಟದ ರಸ್ತೆಯನ್ನು ತಿರುವು ತಿರುವಾಗಿ ಮಾಡಿದ್ದಾರೆ, ಚೆನ್ನಾಗಿದೆ. ಇನ್ನು ಅದನ್ನು ಊರವರೆಲ್ಲ ಆಡುವ ಹಾಗೆ ಅಪ್‌ಲೋಡ್ ಮಾಡಬೇಕು. ಅದಕ್ಕೊಂದು ಗೋಡೆ ಹಾಳೆ ಬರೆದೆ. ‘ಟ್ರ್ಯಾಕ್ ಕಟ್ಟಿ, ಏರಿಸಿ’ ಅಂತ ತಲೆಬರಹ. ಒಬ್ಬ ಹುಡುಗ ಓದಿ, “ಕಟ್ಟಿ ಆಯ್ತಲ್ಲ ಸಾರ್, ಇನ್ನೊಂದು ಕಟ್ಬೇಕಾ?” ಅಂದ. ತಪ್ಪು ಅವನದಲ್ಲ. ಮನೆ ಕಟ್ಟುವುದೂ ಕಟ್ಟುವುದೇ, ಗಂಟು ಕಟ್ಟುವುದೂ ಕಟ್ಟುವುದೇ.

ಸುಮ್ನೆ ಜಿಪ್ ಮಾಡಿದರೆ ಸಾಲದು, ಅದಕ್ಕೇ ಈ ಪದ ಬೇಕಾಗಿರುವುದು. ಮಾಡೆಲ್ಲುಗಳು, ಮೇಲೆ ಹೊದಿಸುವ ಚಿತ್ರಗಳು, ಟ್ರ್ಯಾಕಿನ ಹೆಸರು ಮತ್ತು ಮಾಡಿದವರ ಹೆಸರಿರುವ ಫೈಲು, ಯಾವ ಚಿತ್ರ ಯಾರದು, ಯಾವ ಲೈಸೆನ್ಸು ಅಂತ ಬರೆದ ಹಾಳೆ, ಎಲ್ಲ ಒಂದೇ ಫೋಲ್ಡರಿನಲ್ಲಿ ಇರಬೇಕು. ಗೂಗಲ್ಲಿನಲ್ಲಿ ಸಿಕ್ಕಿದ ಚಿತ್ರ ಎತ್ತಿ ಹಾಕುವ ಹಾಗಿಲ್ಲ. ಹೋದ ವಾರ ಒಬ್ಬಳ ಟ್ರ್ಯಾಕು ನನ್ನ ಲ್ಯಾಪ್‌ಟಾಪಿನಲ್ಲಿ ತೆರೆದರೆ ಬಂಡೆಗೆ ಮೈಯೇ ಇಲ್ಲ. ಬಂಡೆಯ ಚಿತ್ರ ಅವಳ ಡೆಸ್ಕ್‌ಟಾಪಿನಲ್ಲೇ ಉಳಿದಿತ್ತು. ಅದನ್ನು ತರಿಸಿ ಹಾಕಿದೆ, ಆಗಲೂ ಬರಲಿಲ್ಲ! ಫೈಲಿನ ಹೆಸರಿನ ಮೊದಲಕ್ಷರ ಒಂದು ಕಡೆ ದೊಡ್ಡ ‘ಬಿ’, ಇನ್ನೊಂದು ಕಡೆ ಚಿಕ್ಕ ‘ಬಿ’. ಅವಳ ವಿಂಡೋಸ್ ಅದನ್ನು ಕೇಳುವುದಿಲ್ಲ, ನನ್ನ ಲಿನಕ್ಸ್ ಬಿಡುವುದಿಲ್ಲ. ಇಷ್ಟೆಲ್ಲ ನೋಡಿಕೊಂಡು ಅಣಿ ಮಾಡುವುದಕ್ಕೆ ಒಂದು ಮಾತು ಹೇಳಿ.

ತುಮಕೂರಿನಿಂದ:

ಗಂಟು. ಇದರಲ್ಲಿ ಚರ್ಚೆ ಏನಿದೆ? ‘ಹಾದಿಗಂಟು’ ಅನ್ನಿ, ಅಚ್ಚಗನ್ನಡ. ಟ್ರ್ಯಾಕು, ಪ್ಯಾಕೇಜು, ಅಪ್‌ಲೋಡು ಅಂತ ಮೂರಕ್ಕೆ ಮೂರೂ ಕಡ ತಂದರೆ ಕನ್ನಡದಲ್ಲಿ ಉಳಿಯುವುದು ‘ಮಾಡು’ ಒಂದೇ.

ಕೋಲಾರದಿಂದ:

ಗಂಟು ಅಚ್ಚಗನ್ನಡ ಅಂತ ನಿಮಗೆ ಯಾರು ಹೇಳಿದ್ದು ಸ್ವಾಮಿ? ಗ್ರಂಥಿ ಹೋಗಿ ಗಂಟು ಆಯಿತು, ಹೈಸ್ಕೂಲಿನ ತತ್ಸಮ-ತದ್ಭವ ಪಟ್ಟಿಯಲ್ಲೇ ಇದೆ. ವ್ಯಾಕರಣ ಬರೆದ ಕೇಶಿರಾಜ 13ನೇ ಶತಮಾನದಲ್ಲೇ ಇಂಥವಕ್ಕೆ ಅಪಭ್ರಂಶ ಪ್ರಕರಣ ಅಂತ ಒಂದು ಪ್ರಕರಣವನ್ನೇ ಇಟ್ಟ. ನಮ್ಮದೇ ಬೇಕಾದರೆ ‘ಮೂಟೆ’ ತಗೊಳ್ಳಿ. ತಮಿಳಿನಲ್ಲಿ ಮೂಟ್ಟೈ, ತೆಲುಗಿನಲ್ಲಿ ಮೂಟ, ಅಕ್ಕಪಕ್ಕದ ಮನೆಯೆಲ್ಲ ಸಾಕ್ಷಿ.

ತುಮಕೂರಿನಿಂದ:

ಸಾವಿರ ವರ್ಷ ಮನೆಯಲ್ಲಿದ್ದವನನ್ನು ನೆಂಟ ಅನ್ನಲ್ಲ. ಮೂಟೆ ಕಟ್ಟು ಅಂದರೆ ಜಾಗ ಖಾಲಿ ಮಾಡು ಅಂತ. ಮಕ್ಕಳನ್ನು ಓಡಿಸಬೇಕಾ?

ಶಿಡ್ಲಘಟ್ಟದಿಂದ:

ಇಬ್ಬರೂ ಸ್ವಲ್ಪ ತಡೀರಿ ಅಣ್ಣಂದಿರಾ. ಮೂಟೆಯಲ್ಲಿ ಇರುವುದು ಒಂದೇ ಸರಕು. ರಾಗಿ ಮೂಟೆ, ಅಕ್ಕಿ ಮೂಟೆ. ಗಂಟಿನಲ್ಲಿ ಏನು ಬೇಕಾದರೂ ತುರುಕಬಹುದು, ಯಾವುದು ಬಿಟ್ಟುಹೋಯಿತು ಅಂತ ಗೊತ್ತಾಗಲ್ಲ. ಇವರು ಹೇಳುತ್ತಿರುವುದು ಬುತ್ತಿ ಕಟ್ಟುವ ಕೆಲಸ, ಅಲ್ವಾ? ಮುದ್ದೆ ಇಟ್ಟು, ಚಟ್ನಿ ಬೇರೆ ಕಟ್ಟಿ, ಉಪ್ಪಿನಕಾಯಿಗೆ ಎಲೆ ಸುತ್ತಿ ಇಡ್ತೀವಿ. ಹೊಲಕ್ಕೆ ಹೋದ ಮೇಲೆ ಉಪ್ಪಿನಕಾಯಿ ನೆನಪಾದರೆ ಅಡುಗೆಮನೆ ಅಲ್ಲಿಗೆ ಬರಲ್ಲ. ಆ ಬಂಡೆಯ ಚಿತ್ರ ಡೆಸ್ಕ್‌ಟಾಪಿನಲ್ಲಿ ಉಳಿದದ್ದೂ ಅದೇ ಕಥೆ. ‘ಟ್ರ್ಯಾಕಿನ ಬುತ್ತಿ ಕಟ್ಟಿ’ ಅನ್ನಿ, ಮಕ್ಕಳಿಗೆ ತಕ್ಷಣ ಹತ್ತುತ್ತೆ.

ಕೋಲಾರದಿಂದ:

ಬುತ್ತಿಯೂ ಭುಕ್ತಿಯ ತದ್ಭವ. ಸುಮ್ನೆ ತಿಳಿಸಿದೆ.

ಶಿಡ್ಲಘಟ್ಟದಿಂದ:

ತಿಳಿಸಿದ್ದಕ್ಕೆ ಸಂತೋಷ. ಹಾಗೆ ನೋಡಿದರೆ ನೀವು ದಿನಾ ಓಡಾಡುವ ರಸ್ತೆ ಪಾರ್ಸಿಯದು, ಬಾಗಿಲ ಚಾವಿ ಪೋರ್ಚುಗೀಸರದು. ನಿಮ್ಮೂರಿನ ಟೊಮೆಟೊ ಮೆಕ್ಸಿಕೋ ಕಡೆಯಿಂದ ಹೆಸರನ್ನೂ ಹೊತ್ತುಕೊಂಡೇ ಬಂತು. ಮಂಡಿಯಲ್ಲಿ 15 ಕೆಜಿ ಬಾಕ್ಸ್ ಅಂತ ಹರಾಜು ಕೂಗುವವನ ಮುಂದೆ ಹೋಗಿ ‘ಪೆಟ್ಟಿಗೆ ಅನ್ನಪ್ಪ’ ಅನ್ನಿ, ರೇಟು ಏರುತ್ತಾ ನೋಡೋಣ.

ತುಮಕೂರಿನಿಂದ:

ಮಂಡಿಯವನು ಪದಕೋಶ ಬರೆಯುವುದಿಲ್ಲ ತಾಯೀ. ನಾವು ಬರೆಯುತ್ತೇವೆ. ಇದೇ ಧೋರಣೆಯಿಂದ ಅಂಗಡಿ ಬೋರ್ಡೆಲ್ಲ ಇಂಗ್ಲಿಷನ್ನು ಕನ್ನಡ ಅಕ್ಷರದಲ್ಲಿ ಬರೆದ ಹಾಗಾಗಿದೆ.

ಕೋಲಾರದಿಂದ:

‘ಧೋರಣೆ’ ಯಾವ ಭಾಷೆ?

ಚಿಕ್ಕಬಳ್ಳಾಪುರದಿಂದ:

ದಯವಿಟ್ಟು ಜಗಳ ಬೇರೆ ದಾರದಲ್ಲಿ (ಥ್ರೆಡ್ಡಿನಲ್ಲಿ) ಮುಂದುವರಿಸಿ, ಹಾಳೆ ಪ್ರಿಂಟ್ ಹಾಕಿಸುವ ಅಂಗಡಿ ಎಂಟಕ್ಕೆ ಮುಚ್ಚುತ್ತೆ. ಬುತ್ತಿ ತಗೊಂಡೆ ಅಕ್ಕ. ಟ್ರ್ಯಾಕ್, ಜಿಪ್, ಲೈಸೆನ್ಸ್ ಹಾಗೇ ಇರಲಿ, ಆಟದ ತೆರೆಯ ಮೇಲೆ, ಫೈಲಿನ ಹೆಸರಲ್ಲಿ ಅವನ್ನೇ ಕಾಣುವುದು. ಹಾಳೆಯಲ್ಲಿ ಹೀಗಿದೆ:

“ಟ್ರ್ಯಾಕ್ ಬುತ್ತಿ ಕಟ್ಟುವ ಮುಂಚೆ: ಹೊದಿಕೆ ಚಿತ್ರಗಳೆಲ್ಲ ಇದೇ ಫೋಲ್ಡರಿನಲ್ಲಿ ಇವೆಯಾ? ಹೆಸರಿನ ದೊಡ್ಡಕ್ಷರ, ಚಿಕ್ಕಕ್ಷರ ಸರಿ ಇವೆಯಾ? ಯಾರ ಚಿತ್ರ, ಯಾವ ಲೈಸೆನ್ಸ್ ಬರೆದಾಯ್ತಾ? ಬೇರೆಯವರ ಕಂಪ್ಯೂಟರಿನಲ್ಲಿ ಒಂದು ಸುತ್ತು ಓಡಿಸಿ ನೋಡಿದಿರಾ? ಹಾಗಾದರೆ ಜಿಪ್ ಮಾಡಿ ಕಳಿಸಿ.”

ಹೊದಿಕೆ ಚಿತ್ರ ಅಂತ ಟೆಕ್ಸ್‌ಚರಿಗೆ ನಾನೇ ಹಾಕಿಕೊಂಡೆ, ಬೈಯಬೇಡಿ. ಅಡ್ಡದಾರಿ ಹಿಡಿದವರ ಸುತ್ತು ಲೆಕ್ಕಕ್ಕೆ ಬರದ ಹಾಗೆ ದಾರಿಗೆ ಅಡ್ಡ ಹಾಕುವ ಚೆಕ್‌ಲೈನ್ ಅನ್ನೋ ಗೆರೆಗೂ ಒಂದು ಪದ ಬೇಕು, ಅದು ಮುಂದಿನ ವಾರಕ್ಕೆ.

ತುಮಕೂರಿನಿಂದ:

ಕಾವಲುಗೆರೆ. ಮತ್ತೆ ‘ಟ್ರ್ಯಾಕ್’ ಅಲ್ಲ, ‘ಟ್ರಾಕ್’. ಒತ್ತಿನ ಮೇಲೆ ಒತ್ತು ಯಾಕೆ?