ಇಬ್ಬರಿಗೆ ಹಗುರವಾದ ಟೆಂಟ್ ಯಾವುದು ತಗೊಳ್ಳಲಿ?

ನಾನು ಕೊಪ್ಪಳದವನು. ತಮ್ಮನ ಜೊತೆ ಸಂಡೂರು, ಆನೆಗೊಂದಿ ಕಡೆ ಬೆಟ್ಟ ಹತ್ತುತ್ತೇನೆ. ಹಳೆ ಟೆಂಟ್ 4 ಕೆಜಿ. ಸಂಜೆ ಹೊತ್ತಿಗೆ ಹೆಗಲ ಮೇಲೆ ಕೆಂಪು ಬರೆ ಎದ್ದಿರುತ್ತೆ. 5,000 ರೂಪಾಯಿ ಒಳಗೆ 2 ಕೆಜಿಯದ್ದು ಸಿಗುತ್ತಾ?

ಉತ್ತರ 1: ಈ ದುಡ್ಡಿಗೆ ಎರಡೂವರೆ ಕೆಜಿ ಆದರೂ ಒಪ್ಪಿಕೊಳ್ಳಿ ಅಣ್ಣ, ಆದರೆ ಎರಡು ಪದರದ್ದೇ ಇರಲಿ. ಒಂದೇ ಪದರ ಇದ್ದರೆ ಉಸಿರಿನ ತೇವ ಒಳಗೇ ಹನಿಗಟ್ಟುತ್ತೆ, ಬೆಳಗ್ಗೆ ಹೊದಿಕೆ ಒದ್ದೆ. ಇನ್ನೊಂದು, ಆನೆಗೊಂದಿ ಬಂಡೆಗೆ ಗೂಟ ಇಳಿಯಲ್ಲ. ಕೋಲುಗಳ ಮೇಲೆ ತಾನೇ ನಿಲ್ಲುವಂಥದ್ದು ಬೇಕು. ನಾನು ನಾಲ್ಕು ಮೂಲೆಯ ಹಗ್ಗಕ್ಕೂ ಕಲ್ಲು ಕಟ್ಟಿ ಮಲಗಿದ್ದೆ, ರಾತ್ರಿಯೆಲ್ಲಾ ಗಾಳಿ ಬೀಸಿದರೂ ಅಲ್ಲಾಡಲಿಲ್ಲ.

ಉತ್ತರ 2: ಅಂಗಡಿಯಲ್ಲೇ ಇಬ್ಬರೂ ಒಳಗೆ ಮಲಗಿ ನೋಡಿ. ಅಗಲ 120 ಸೆಂ.ಮೀ. ಇದ್ದರೆ ಭುಜಕ್ಕೆ ಭುಜ ತಾಗುತ್ತೆ.

ಕೇಳಿದವನು: ಸರಿ, ಎರಡು ಪದರದ್ದೇ ತಗೊಳ್ತೇನೆ. ಬಟ್ಟೆ ನನ್ನ ಚೀಲಕ್ಕೆ, ಕೋಲು ತಮ್ಮನ ಚೀಲಕ್ಕೆ.